ಕೂಲಿಯವನಿಗೇಕೆ ಸಮುದ್ರ?

ದೊಡ್ಡಬಳ್ಳಾಪುರದಿಂದ ನಾವು ಹನ್ನೊಂದು ಮಂದಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ತನಕ ಸಾಗಿ, ನೀರಿಗಿಳಿದು ಒಂದು ಹಗಲು ಕಳೆದು ಬಂದೆವು. ಒಂಬತ್ತು ಜನ ಮಗ್ಗದ ಕೆಲಸಗಾರರು, ಒಬ್ಬರು ದಿನಸಿ ಅಂಗಡಿಯವರು, ಹನ್ನೊಂದನೆಯವನು ನಾನು. ಇದರಿಂದ ಯಾರ ಗಂಟು ಹೋಯಿತೋ ತಿಳಿಯದು. ಊರಿನ ಕೆಲವು ಮಹನೀಯರಿಗೆ ಮಾತ್ರ ಇದು ನುಂಗಲಾರದ ತುತ್ತಾಗಿದೆ. ಕೂಲಿ ಹೆಚ್ಚಿಸಿ ಎಂದು ಗೋಗರೆಯುವವರಿಗೆ ಸಮುದ್ರದಲ್ಲಿ ಮೋಜು ಮಾಡಲು ಹಣ ಎಲ್ಲಿಂದ ಬಂತು ಎಂದು ಷೆಡ್ಡಿನ ಯಜಮಾನರೊಬ್ಬರು ಬಟವಾಡೆಯ ದಿನವೇ ಎಲ್ಲರೆದುರು ಕೇಳಿದರಂತೆ. ಇನ್ನೊಂದು ಕಡೆಯಿಂದ, ನಮ್ಮವರೇ ಆದ ಹಿರಿಯರೊಬ್ಬರು ನನ್ನನ್ನು ಹೋಟೆಲಿಗೆ ಕರೆದು ಕಾಫಿ ಕೊಡಿಸಿ, “ಏನ್ ಮೇಷ್ಟ್ರೇ, ಇದೆಲ್ಲಾ ಸಾಹುಕಾರರ ಚಾಳಿ ಅಲ್ವಾ? ನಾವೂ ಇದಕ್ಕೆ ಬೀಳಬೇಕಾ?” ಎಂದರು.

ಇಬ್ಬರಿಗೂ ಉತ್ತರ ಕೊಡಬೇಕಾಗಿದೆ. ಯಜಮಾನರಿಗೆ ಕೊಡುವ ಉತ್ತರ ಚಿಕ್ಕದು. ಸ್ವಾಮೀ, ಹಣ ಹದಿನಾಲ್ಕು ತಿಂಗಳ ಚೀಟಿಯಿಂದ ಬಂತು. ಆ ಚೀಟಿಗೆ ಕಟ್ಟಿದ ಪ್ರತಿಯೊಂದು ರೂಪಾಯಿಯೂ ನಿಮ್ಮ ಷೆಡ್ಡಿನಲ್ಲಿ ನಿಂತುಕೊಂಡು ದುಡಿದದ್ದು. ನೀವು ವರ್ಷಕ್ಕೆರಡು ಸಲ ಸಂಸಾರ ಸಮೇತ ಎಲ್ಲಿಗೆ ಹೋಗುತ್ತೀರಿ, ಅದಕ್ಕೆ ಹಣ ಎಲ್ಲಿಯದು ಎಂದು ಇವರು ಎಂದಾದರೂ ನಿಮ್ಮನ್ನು ಕೇಳಿದ್ದುಂಟೆ? ಕೇಳಬೇಕಾದ ನ್ಯಾಯ ಇದ್ದದ್ದು ಇವರ ಪಾಲಿಗೆ.

ಹಿರಿಯರ ಪ್ರಶ್ನೆ ಹಾಗಲ್ಲ. ಅದಕ್ಕೆ ನಿಧಾನವಾಗಿಯೇ ಉತ್ತರಿಸಬೇಕು. ಮೊದಲು ನಡೆದದ್ದನ್ನು ಹೇಳುತ್ತೇನೆ.

ಶನಿವಾರ ಬಟವಾಡೆ ಮುಗಿಸಿಕೊಂಡು ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಹಿಡಿದೆವು. ನಮ್ಮ ಜಿಲ್ಲೆಯ ನೆಲಮಂಗಲದ ಮೇಲೆಯೇ ಹಾಯ್ದು, ಹಾಸನ ಸಕಲೇಶಪುರ ದಾಟಿ, ಘಟ್ಟ ಇಳಿಯುವ ರೈಲು ಅದು. ಬೆಳಿಗ್ಗೆ ಮುರ್ಡೇಶ್ವರ. ನೇತ್ರಾಣಿ ಅಲ್ಲಿಂದ ಸುಮಾರು 19 ಕಿಲೋಮೀಟರು, ದೋಣಿಗೆ ಒಂದೂವರೆ ಗಂಟೆಯ ದಾರಿ. ಅರ್ಧ ದಾರಿಯಲ್ಲಿ ನಾಲ್ವರು ವಾಂತಿ ಮಾಡಿಕೊಂಡರು. ಅವರಲ್ಲಿ ಈ ಲೇಖಕನೂ ಒಬ್ಬ. ದ್ವೀಪವೆಂದರೆ ಕಡಲ ನಡುವೆ ಕಡಿದಾಗಿ ಎದ್ದು ನಿಂತ ಕಾಡು ಬೆಳೆದ ಬಂಡೆ. ಬೆಸ್ತರು ಅಲ್ಲಿನ ಜಟ್ಟಿಗನಿಗೆ ನಡೆದುಕೊಳ್ಳುತ್ತಾರೆ. ನಮ್ಮನ್ನು ಮೇಲಕ್ಕೆ ಹತ್ತಿಸಲಿಲ್ಲ. ದೋಣಿ ಲಂಗರು ಹಾಕಿದ ಕಡೆಯೇ ಕಿತ್ತಳೆ ಬಣ್ಣದ ತೇಲು ಅಂಗಿ ತೊಡಿಸಿ, ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಕಟ್ಟಿ, ಬಾಯಿಗೆ ಒಂದು ಬಾಗಿದ ಕೊಳವೆ ಕಚ್ಚಿಸಿದರು. ಇದಕ್ಕೆ ಸ್ನಾರ್ಕೆಲ್ ಎಂದು ಹೆಸರು. ಕೊಳವೆಯ ತುದಿ ನೀರಿನ ಮೇಲಿರುತ್ತದೆ. ಮುಖ ಕೆಳಗೆ ಮಾಡಿ ತೇಲುತ್ತಾ ಬಾಯಲ್ಲೇ ಉಸಿರಾಡುತ್ತಾ ಕೆಳಗಿನದನ್ನು ನೋಡುತ್ತಿರಬಹುದು. ಈಜು ಬಾರದವನಿಗೂ ಸಾಧ್ಯ, ಪಕ್ಕದಲ್ಲಿ ಬಲ್ಲವನೊಬ್ಬ ಇರಬೇಕು, ಅಷ್ಟೆ.

ಕೆಳಗೆ ಹವಳದ ಬಂಡೆಗಳು, ಅವುಗಳ ಸಂದಿನಲ್ಲಿ ಗಿಳಿಯ ಬಣ್ಣದ, ಅರಿಸಿನದ ಬಣ್ಣದ ಮೀನು. ನಮ್ಮ ಜೊತೆಯ ಒಬ್ಬರು, ಮೂವತ್ತು ವರ್ಷ ಮಗ್ಗದ ಶಬ್ದದಲ್ಲಿ ನಿಂತು ಕಿವಿ ಮಂದವಾದವರು, ತಲೆ ಎತ್ತಿ ಕೊಳವೆ ಉಗಿದು ಹೇಳಿದ ಮೊದಲ ಮಾತು: “ಮೇಷ್ಟ್ರೇ, ಇಷ್ಟು ಸದ್ದಿಲ್ಲದ ಜಾಗ ಐತಾ?” ಇನ್ನೊಬ್ಬನಿಗೆ ಮೀನಿನ ಮೈಮೇಲೂ ಸೀರೆಯೇ ಕಂಡಿತು, ಈ ಒಡಲಿಗೆ ಈ ಅಂಚು ಹಾಕಿದರೆ ಯಾವ ಅಂಗಡಿಯವನೂ ಬೇಡವೆನ್ನಲಾರ ಎಂದು ವಾದಕ್ಕೇ ನಿಂತ. ದಿನಸಿ ಅಂಗಡಿಯ ಗೆಳೆಯರು ಇಪ್ಪತ್ತೆರಡು ವರ್ಷದಲ್ಲಿ ಹಬ್ಬವಲ್ಲದ ದಿನ ಬಾಗಿಲು ಹಾಕಿದ್ದು ಅದೇ ಮೊದಲು. ದೊಡ್ಡ ಬಂಡವಾಳದ ಅಂಗಡಿಗಳು ವರ್ಷವಿಡೀ ದೀಪ ಹಚ್ಚಿಕೊಂಡು ಕುಳಿತಿರುವಾಗ, ಒಂದು ಭಾನುವಾರ ಬಾಗಿಲು ಹಾಕಿದರೆ ಗಿರಾಕಿ ಅತ್ತ ಹೋದಾನೆಂಬ ಭಯ ಅವರನ್ನು ನೀರಿನಲ್ಲೂ ಬಿಡಲಿಲ್ಲ.

ನಮ್ಮನ್ನು ನೀರಿಗಿಳಿಸಿದವನು ಅಲ್ಲಿಯ ಮೊಗೇರರ ಹುಡುಗ. ಅವನಪ್ಪನ ಬಲೆಗೆ ಈಗ ಮೀನು ಸಾಲದು. ಮಗ ದಿನಗೂಲಿಗೆ ಪ್ರವಾಸಿಗಳನ್ನು ಹಿಡಿದುಕೊಂಡು ತೇಲಿಸುತ್ತಾನೆ. ಮಳೆಗಾಲದಲ್ಲಿ ದೋಣಿ ನಿಂತರೆ ಅವನ ಕೂಲಿಯೂ ನಿಂತಿತು. ದೋಣಿ ಯಾರದಪ್ಪಾ ಎಂದೆವು. ಯಜಮಾನರದು ಎಂದ. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಬಂದು, ಬಸ್ಸು ಹತ್ತಿ ಷೆಡ್ಡಿಗೆ ಹೋಗುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗಿತ್ತು. ಪ್ರವಾಸದ ಖರ್ಚಿಗೆ ಅದನ್ನೂ ಸೇರಿಸಿಕೊಳ್ಳಬೇಕು.

ಇದು ಸಾಹುಕಾರರ ಚಾಳಿಯೆ? 2024ರ ಜನವರಿಯಲ್ಲಿ ಪ್ರಧಾನಿಗಳಾದ ನರೇಂದ್ರ ಮೋದಿಯವರು ಲಕ್ಷದ್ವೀಪಕ್ಕೆ ಹೋಗಿ, ಇದೇ ಕೊಳವೆ ಕಚ್ಚಿಕೊಂಡು ನೀರಿಗಿಳಿದು, ಚಿತ್ರಗಳನ್ನು ಲೋಕಕ್ಕೆಲ್ಲ ತೋರಿಸಿ, ಸಾಹಸ ಬೇಕೆನ್ನುವವರು ಲಕ್ಷದ್ವೀಪವನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಲಿ ಎಂದು ಬರೆದರು. ಬಹಳ ಸಂತೋಷ. ದೇವನಹಳ್ಳಿಯ ರೈತರ ಭೂಮಿಯ ಮೇಲೆ 2008ರಿಂದ ವಿಮಾನಗಳು ಏರಿಳಿಯುತ್ತಿವೆ. ಪಟ್ಟಿಯುಳ್ಳವರು ನಮ್ಮ ತಲೆಯ ಮೇಲೆ ಹಾರಿಕೊಂಡೇ ದ್ವೀಪಗಳಿಗೆ ಹೋಗಿ ಬರುತ್ತಾರೆ. ಅವರು ಮಾಡಿದರೆ ಆರೋಗ್ಯ, ಸಾಹಸ, ದೇಶಪ್ರೇಮ. ಮಗ್ಗದವನು ಮಾಡಿದರೆ ಚಾಳಿ! ಸಾಹುಕಾರನು ಹಾಲು ಕುಡಿಯುತ್ತಾನೆಂದು ನಮ್ಮ ಮಕ್ಕಳಿಗೆ ಹಾಲು ಬೇಡವೆನ್ನುತ್ತೇವೆಯೆ?

ನಮ್ಮ ಹಿರಿಯರು ಇನ್ನೊಂದು ವಿಷಯ ಮರೆತಿದ್ದಾರೆ. ಬಡವನು ಸಮುದ್ರಕ್ಕೆ ಹೋಗುವುದೇ ಇಲ್ಲವೆಂಬುದು ಸುಳ್ಳು. ಹೋಗುತ್ತಾನೆ, ಹೋಗಿ ಸಾಯುತ್ತಾನೆ. ಕಾರವಾರದ ಕಡಲಲ್ಲಿ ಕುರ್ಮಗಡವೆಂಬ ದ್ವೀಪವಿದೆ. ವರ್ಷಕ್ಕೊಮ್ಮೆ ಅಲ್ಲಿ ನರಸಿಂಹ ದೇವರ ಜಾತ್ರೆ. ನಮಗೆ ಘಾಟಿ ಸುಬ್ರಹ್ಮಣ್ಯ ಹೇಗೋ ಆ ಕಡೆಯವರಿಗೆ ಅದು ಹಾಗೆ. ದೋಣಿಯಲ್ಲಿ ದ್ವೀಪಕ್ಕೆ ಹೋಗಿಬರುವ ಭಾಗ್ಯ ಅವರಿಗೆ ಅದೊಂದೇ ದಿನ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ, ಮಿತಿಮೀರಿ ಜನ ತುಂಬಿಕೊಂಡಿದ್ದದ್ದು, ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಮನೆತನದ ಹಲವರು, ಮಕ್ಕಳೂ ಸೇರಿ. ಬಯಲುಸೀಮೆಯವರು, ನಮ್ಮಂಥವರು. ಸಾವಿರಗಟ್ಟಲೆ ತೆತ್ತು ಬರುವ ಪ್ರವಾಸಿಗೆ ತೇಲು ಅಂಗಿ ತೊಡಿಸದೆ ದೋಣಿ ಬಿಡುವುದಿಲ್ಲ. ಜಾತ್ರೆಯ ಜನಕ್ಕೆ ತೊಡಿಸಿದವರು ಯಾರು?

2024ರ ಡಿಸೆಂಬರ್‌ನಲ್ಲಿ ನಾವು ದೋಣಿ ಹತ್ತಿದ ಅದೇ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಸರಕಾರಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ಮುಳುಗಿದರು. ಶಾಲೆಯ ಪ್ರವಾಸಕ್ಕೆ ಬಂದಿದ್ದವರು. ಜೊತೆಗಿದ್ದ ಶಿಕ್ಷಕರ ಮೇಲೆ ಪ್ರಕರಣ ದಾಖಲಾಯಿತು, ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು, ಕಡಲತೀರವನ್ನು ಕೆಲಕಾಲ ಮುಚ್ಚಲಾಯಿತು. ನಾನೂ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಮೇಷ್ಟ್ರು. ಎಚ್ಚರ ತಪ್ಪಿದ ಶಿಕ್ಷಕರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಮಕ್ಕಳಿಗೂ ಅವರ ಮೇಷ್ಟರುಗಳಿಗೂ ನೀರಿನ ನಡತೆ ಯಾರು ಕಲಿಸಿದ್ದರು? ಸಮುದ್ರ ಹಿಂದಕ್ಕೆ ಸೆಳೆಯುತ್ತದೆ ಎಂಬುದನ್ನು ಸಮುದ್ರವನ್ನೇ ಕಾಣದ ಮಗು ತಿಳಿಯುವುದು ಹೇಗೆ?

ಈಜಿನ ಮಾತು ಬಂದಿತಾದ್ದರಿಂದ ಹೇಳುತ್ತೇನೆ. ನಮ್ಮಪ್ಪ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ನಾನು ಹುಟ್ಟಿ ಬೆಳೆಯುವ ಹೊತ್ತಿಗೆ ಬಾವಿ ಬತ್ತಿತ್ತು, ಕೊಳವೆ ಬಾವಿ ಪಾತಾಳಕ್ಕೆ ಇಳಿದಿತ್ತು. ಇನ್ನು ಕೆರೆ. ಅರ್ಕಾವತಿ ನಂದಿಯಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಕೆರೆಗಳ ಸಾಲಿನಲ್ಲೇ ಹರಿದು ಹೋಗುವ ನದಿ. ದೊಡ್ಡತುಮಕೂರು ಕೆರೆಗೂ ಮಜರಾಹೊಸಹಳ್ಳಿ ಕೆರೆಗೂ ಇಂದು ಬಂದು ಸೇರುವುದೇನು? ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಹೊಲಸು, ಪಟ್ಟಣದ ಚರಂಡಿ. ಆ ಊರಿನವರು ಬೀದಿಗಿಳಿದು ಕೂಗಿದ್ದು ಈಜಾಡಲು ಅಲ್ಲ, ಕುಡಿಯುವ ನೀರಿಗೆ. ಕಾಲಿಟ್ಟರೆ ತುರಿಕೆ ಬರುವ ಕೆರೆಯಲ್ಲಿ ಮಕ್ಕಳನ್ನು ಈಜಲು ಬಿಡುವ ತಾಯಿ ಯಾರು? ನೀರನ್ನು ಕೆಡಿಸಿದವರು ತಮ್ಮ ಮಕ್ಕಳಿಗೆ ಬೆಂಗಳೂರಿನ ಕ್ಲಬ್ಬುಗಳಲ್ಲಿ ನೀಲಿ ನೀರಿನ ಕೊಳ ಇಟ್ಟುಕೊಂಡಿದ್ದಾರೆ.

ಈಗ ರಜೆಯ ಲೆಕ್ಕ. 1948ರ ಕಾರ್ಖಾನೆ ಕಾಯಿದೆಯು ವಾರಕ್ಕೊಂದು ಬಿಡುವನ್ನೂ, ವರ್ಷದಲ್ಲಿ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳ ಸಹಿತ ರಜೆಯನ್ನೂ ಕೊಟ್ಟಿತು. ಯಾರಿಗೆ? ವಿದ್ಯುತ್ತಿನಿಂದ ನಡೆಯುವ, ಹತ್ತು ಮಂದಿ ದುಡಿಯುವ ಜಾಗಕ್ಕೆ. ನಮ್ಮೂರ ಷೆಡ್ಡುಗಳಲ್ಲಿ ನಾಲ್ಕು ಮಗ್ಗ ಹೆಂಡತಿಯ ಹೆಸರಿಗೆ, ನಾಲ್ಕು ಭಾವಮೈದುನನ ಹೆಸರಿಗೆ, ನಡುವೆ ಒಂದು ಗೋಡೆ. ಹತ್ತನೆಯ ಮನುಷ್ಯ ಹುಟ್ಟುವುದೇ ಇಲ್ಲ! 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. ರಜೆಗೆ ಬೇಕಾದ ದುಡಿಮೆಯ ದಿನ 240ರಿಂದ 180ಕ್ಕೆ ಇಳಿಯಿತು, ಒಳ್ಳೆಯದನ್ನು ಒಳ್ಳೆಯದೆನ್ನೋಣ. ಆದರೆ ವಿದ್ಯುತ್ ಬಳಸುವ ಕಡೆ ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಸಂಖ್ಯೆ ಹತ್ತರಿಂದ ಇಪ್ಪತ್ತಕ್ಕೆ ಏರಿತು. ನಾಲ್ಕು ಮಗ್ಗದ ಷೆಡ್ಡಿನವನು ಹೊರಗೇ ಉಳಿದ. ನೇಯ್ದರೆ ಕೂಲಿ, ನೇಯದಿದ್ದರೆ ಇಲ್ಲ. ಕೇಂದ್ರ ಸರಕಾರದ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಲು ಪ್ರಯಾಣದ ಖರ್ಚು ಸಿಗುತ್ತದೆ. ಸಿಗಲಿ, ಅವರ ಅನ್ನಕ್ಕೆ ನಾವು ಕಲ್ಲು ಹಾಕುವವರಲ್ಲ. ಆ ಹಕ್ಕು ಮೇಜಿನ ಮುಂದೆ ಕುಳಿತವನಿಗೆ ಇದ್ದು, ಮಗ್ಗದ ಮುಂದೆ ನಿಂತವನಿಗೆ ಏಕಿಲ್ಲ ಎಂಬುದು ನಮ್ಮ ಪ್ರಶ್ನೆ.

ಫ್ರಾನ್ಸಿನಲ್ಲಿ 1936ರ ಮೇ, ಜೂನ್ ತಿಂಗಳುಗಳಲ್ಲಿ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಸಮಾಜವಾದಿ ಲಿಯೋ ಬ್ಲೂಮರ ಸರಕಾರ ಅದೇ ಜೂನಿನಲ್ಲಿ ಎರಡು ವಾರದ ಸಂಬಳ ಸಹಿತ ರಜೆಯ ಕಾಯಿದೆ ಮಾಡಿತು. ಬಿಡುವಿನ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಲಿಯೋ ಲಗ್ರಾಂಜ್ ರೈಲು ದರದಲ್ಲಿ ನೂರಕ್ಕೆ 40ರಷ್ಟು ಇಳಿಸಿದ ಟಿಕೆಟ್ಟು ಮಾಡಿಸಿದರು. ಆ ಬೇಸಗೆಯಲ್ಲಿ ಲಕ್ಷಾಂತರ ಕೂಲಿಕಾರರು ರೈಲು ಹತ್ತಿದರು. ಸಮುದ್ರವನ್ನು ಜೀವನದಲ್ಲಿ ಮೊದಲ ಬಾರಿ ಕಂಡವರು ಎಷ್ಟೋ ಮಂದಿ. ತಮ್ಮ ಕಡಲ ತೀರಕ್ಕೆ ಇವರೇಕೆ ಬಂದರೆಂದು ಅಲ್ಲಿಯ ಶ್ರೀಮಂತರೂ ಮೂಗು ಮುರಿದರು. ಮೂಗು ಎಲ್ಲ ದೇಶದಲ್ಲೂ ಒಂದೇ ಕಡೆಗೆ ಮುರಿಯುತ್ತದೆ.

ಸಮುದ್ರ ಯಾರ ಸ್ವತ್ತೆಂಬುದನ್ನೂ ಹೇಳಿಬಿಡುತ್ತೇನೆ. ಕಮಲನಾಥರ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹರಿಯುವ ನೀರು, ಕಡಲತೀರ, ಗಾಳಿ, ಕಾಡು ಇವು ಜನತೆಯವು, ಸರಕಾರ ಅವುಗಳ ಧರ್ಮದರ್ಶಿ ಮಾತ್ರ ಎಂದು ತೀರ್ಪಿತ್ತಿದೆ. ಧರ್ಮದರ್ಶಿಗಳ ನಡವಳಿಕೆ ನೋಡಿ. ಕಾರವಾರದ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭವಾಗುವ ಹೊತ್ತಿಗೆ ಸುಮಾರು 4,000 ಕುಟುಂಬಗಳು ನೆಲೆ ಕಳೆದುಕೊಂಡವು. ದೇಶರಕ್ಷಣೆ ಬೇಕು, ಒಪ್ಪೋಣ. ಹೊನ್ನಾವರದ ಕಾಸರಕೋಡಿನಲ್ಲಿ ಯಾರ ರಕ್ಷಣೆ? ಅಲ್ಲಿಯ ತೀರಕ್ಕೆ 2020ರಲ್ಲಿ ಪರದೇಶದ ‘ನೀಲಿ ಬಾವುಟ’ದ ಗೌರವ ಬಂತು, ಅದೇ ಊರಿನ ಟೊಂಕದಲ್ಲಿ ಬೆಸ್ತರು ಖಾಸಗಿ ಬಂದರಿನ ವಿರುದ್ಧ ಹೋರಾಡಿ ಪೋಲೀಸರ ಕೈಯಲ್ಲಿ ಪೆಟ್ಟು ತಿಂದರು. ಒಂದೇ ಮರಳಿನ ದಂಡೆ. ಒಂದು ತುದಿ ನೋಡಲು ಬರುವವರಿಗೆ, ಇನ್ನೊಂದು ತುದಿ ಬಂಡವಾಳಕ್ಕೆ, ಒಣಮೀನು ಹರಡುವ ಹೆಂಗಸರಿಗೆ ಎಲ್ಲಿಯೂ ಇಲ್ಲ.

ಆದುದರಿಂದ ನಾವು ಕೇಳುವುದು ಹೆಚ್ಚೇನಲ್ಲ. ಎಷ್ಟೇ ಮಗ್ಗದ ಷೆಡ್ಡಾಗಲಿ, ಅಲ್ಲಿ ದುಡಿಯುವವನಿಗೆ ವರ್ಷಕ್ಕೆ ಹನ್ನೆರಡು ದಿನವಾದರೂ ಕೂಲಿ ಸಹಿತ ರಜೆ ಬೇಕು. ಷೆಡ್ಡು ಚಿಕ್ಕದೆಂದು ಯಜಮಾನರು ಅಳುವುದಾದರೆ ಕಲ್ಯಾಣ ನಿಧಿಯೊಂದನ್ನು ಮಾಡಿ ಸರಕಾರವೇ ತುಂಬಿಕೊಡಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕು ಕಡೆಯೂ ಸರಕಾರಿ ಶಾಲೆಯ ಮಕ್ಕಳು ಬಿಟ್ಟಿಯಾಗಿ ಕಲಿಯುವ ಈಜುಕೊಳವೂ, ಕಲಿಸುವವರೂ ಬೇಕು. ಕರಾವಳಿಯಲ್ಲಿ ಸರಕಾರದ ದೋಣಿಗಳನ್ನು ಬೆಸ್ತರ ಸಹಕಾರ ಸಂಘಗಳ ಕೈಗೆ ಕೊಡಲಿ. ಆಗ ಆ ಮೊಗೇರರ ಹುಡುಗ ಮಳೆಗಾಲದಲ್ಲೂ ಉಂಡಾನು, ಜಾತ್ರೆಗೆ ಹೋಗುವವರಿಗೂ ತೇಲು ಅಂಗಿ ಸಿಕ್ಕೀತು. ಅಲ್ಲಿಯವರೆಗೆ ಜಾತ್ರೆಯ ದೋಣಿಗಳಿಗೆ ಜನ ಎಣಿಸಿ ಹತ್ತಿಸಲು ಒಬ್ಬ ಜವಾಬ್ದಾರಿಯ ಅಧಿಕಾರಿಯನ್ನಾದರೂ ನಿಲ್ಲಿಸಲಿ.

ಈ ಬೇಡಿಕೆಗಳ ಮನವಿಯನ್ನು ನಮ್ಮ ದಿನಸಿ ಅಂಗಡಿಯ ಗೆಳೆಯರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದೆ. ಶನಿವಾರ ಬಟವಾಡೆ ಆದ ಮೇಲೆ ಬಂದು ರುಜು ಹಾಕಿ. ಹೆಬ್ಬೆಟ್ಟಿಗೂ ಮಸಿಯಿದೆ. ಕಾಫಿ ಕೊಡಿಸಿದ ಹಿರಿಯರಿಗಾಗಿ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇವೆ.