ಬಕಾವಲಿಯ ಹೂವನ್ನರಸಿ

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಸಮೀಪವಾದ ಊರು. 1956ರ ನವೆಂಬರ್ 1ರವರೆಗೆ ಅದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಇಂತಹ ಕಡೆ ‘ಗುಲೇಬಕಾವಲಿ’ ಎಂಬ ಹೆಸರನ್ನು ಬಿಡಿಸಿ ಹೇಳುವ ಅಗತ್ಯವಿರದು. ಗುಲ್ ಎಂದರೆ ಹೂ. ಬಕಾವಲಿ ಎಂಬ ಅಪ್ಸರೆಯ ಉದ್ಯಾನದ ಹೂವೇ ಗುಲೇಬಕಾವಲಿ. ಆದರೆ 1962ರಲ್ಲಿ ತೆರೆಗೆ ಬಂದ ತೆಲುಗು ಚಿತ್ರ ‘ಗುಲೇಬಕಾವಲಿ ಕಥ’ದಲ್ಲಿ ಜಮುನಾ ವಹಿಸಿದ ಪಾತ್ರದ ಹೆಸರೇ ಗುಲೇಬಕಾವಲಿ! ಹೂವಿನ ಹೆಸರು ಹೆಣ್ಣಿನ ಹೆಸರಾಯಿತು. ಉರ್ದು ಬಲ್ಲವರು ಮುಗುಳ್ನಕ್ಕಿರಬೇಕು.

ಚಿತ್ರದ ನಾಯಕ ಎನ್. ಟಿ. ರಾಮರಾವ್. ಹಾಡುಗಳನ್ನು ಬರೆದವರು ಸಿ. ನಾರಾಯಣ ರೆಡ್ಡಿ. ಅವರ ಹುಟ್ಟೂರು ಕರೀಂನಗರದ ಕಡೆಯ ಹನುಮಾಜಿಪೇಟೆ. ಖಜೂರಿಯಂತೆಯೇ ಅದೂ ನಿಜಾಮರ ರಾಜ್ಯದೊಳಗಿನ ಹಳ್ಳಿ. ಉರ್ದು ಮಾಧ್ಯಮದಲ್ಲಿ ಕಲಿತ ಈ ತೆಲುಗು ಕವಿಗೆ ಚಿತ್ರರಂಗದ ಬಾಗಿಲನ್ನು ತೆರೆದುದು ಉರ್ದುವಿನ ಈ ಹಳೆಯ ಕಥೆಯೇ. 1988ರ ಜ್ಞಾನಪೀಠ ಪ್ರಶಸ್ತಿ ಸಂದುದು ಅವರಿಗೇ.

ಕಥೆ ಚಿತ್ರಕ್ಕಿಂತ ಬಹಳ ಹಿರಿದು. ಇಜ್ಜತುಲ್ಲಾ ಬಂಗಾಲಿ ಪಾರಸಿಯಲ್ಲಿ ಬರೆದುದನ್ನು ಲಾಹೋರಿನ ನಿಹಾಲ್‌ಚಂದ್ 1803ರಲ್ಲಿ, ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ, ‘ಮಜ್ಹಬ್-ಎ-ಇಷ್ಕ್’ ಎಂಬ ಹೆಸರಿನಿಂದ ಉರ್ದು ಗದ್ಯಕ್ಕೆ ತಂದನು. ಕಾದಂಬರಿ ಎಂಬ ಮಾತು ಬಳಕೆಗೆ ಬರುವ ಮೊದಲು ಕಾದಂಬರಿಯ ಕೆಲಸ ಮಾಡಿದ ಗದ್ಯವದು. ಇಂತಹ ಕಥನ ಕನ್ನಡನಾಡಿಗೂ ಹೊಸದಲ್ಲ. ವಿಜಾಪುರದ ಆಸ್ಥಾನಕವಿ ನುಸ್ರತಿ 1657ರಲ್ಲಿಯೇ ‘ಗುಲ್ಷನ್-ಎ-ಇಷ್ಕ್’ ಎಂಬ ಕಾವ್ಯವನ್ನು ದಖನಿಯಲ್ಲಿ ರಚಿಸಿದ್ದನು; ಪ್ರಿಯತಮೆಯನ್ನು ಅರಸಿ ಹೊರಟ ರಾಜಕುಮಾರನ ಕಥೆ ಅದು.

ಬಕಾವಲಿಯ ಕಥೆಯಲ್ಲಿ ಅರಸುವಿಕೆಗೆ ಕಾರಣ ಪ್ರೇಮವಲ್ಲ, ತಂದೆಯ ಕುರುಡು. ಐದನೆಯ ಮಗನ ಮುಖ ಕಂಡರೆ ದೊರೆಯ ಕಣ್ಣು ಹೋಗುವುದೆಂದು ಜ್ಯೋತಿಷಿಗಳು ನುಡಿಯುತ್ತಾರೆ. ಮಗು ಬೇರೆಡೆ ಬೆಳೆಯುತ್ತದೆ. ಒಂದು ದಿನ ಬೇಟೆಯಲ್ಲಿ ತಂದೆಯ ದೃಷ್ಟಿ ಅಕಸ್ಮಾತ್ತಾಗಿ ಅವನ ಮೇಲೆ ಬೀಳುತ್ತದೆ, ಲೋಕವೆಲ್ಲ ಕತ್ತಲೆ. ಹುಡುಗನಿಗೆ ದೇಶಭ್ರಷ್ಟತೆ. ಅವನ ತಪ್ಪೇನು? ಕಥೆ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಅದರ ನೋವೂ ಅಲ್ಲಿಯೇ ಇದೆ.

ಹೂ ತರಲು ಹೊರಟ ನಾಲ್ವರು ಅಣ್ಣಂದಿರು ವೇಶ್ಯೆಯೊಬ್ಬಳ ಪಗಡೆಯಾಟದಲ್ಲಿ ಸೋತು ಅವಳ ಸೆರೆಯಾಳುಗಳಾಗುತ್ತಾರೆ. ದೀಪವನ್ನು ಹೊತ್ತು ನಿಲ್ಲುವುದು ಪಳಗಿಸಿದ ಬೆಕ್ಕು. ಅದರ ನೆರಳಿನಲ್ಲಿ ಅಡಗಿದ ಇಲಿ ಅವಳಿಗೆ ಬೇಕಾದಂತೆ ದಾಳವನ್ನು ತಿರುಗಿಸುತ್ತದೆ. ಕಿರಿಯನು ಈ ಗುಟ್ಟನ್ನರಿತು, ಇಲಿಯನ್ನು ಬೆದರಿಸುವ ಮತ್ತೊಂದು ಪ್ರಾಣಿಯನ್ನು ತೋಳಿನಲ್ಲಿ ಬಚ್ಚಿಟ್ಟುಕೊಂಡು ಆಟಕ್ಕೆ ಕೂರುತ್ತಾನೆ. ಖಡ್ಗವಿಲ್ಲದೆ ಗೆದ್ದ ಈ ಒಂದು ಆಟ ಹತ್ತು ಕಾಳಗಗಳಿಗೆ ಸಮ.

ಚಿತ್ರೋದ್ಯಮವು ಇದನ್ನು ಬಿಟ್ಟೀತೆ? 1924ರಲ್ಲಿಯೇ ಕೊಹಿನೂರ್ ಕಂಪೆನಿಗಾಗಿ ಕಾಂಜೀಭಾಯಿ ರಾಠೋಡ್ ಇದನ್ನು ಮೂಕಚಿತ್ರವಾಗಿ ತೆಗೆದರು. 1955ರಲ್ಲಿ ಟಿ. ಆರ್. ರಾಮಣ್ಣ ತಮಿಳಿಗೆ ತಂದರು, ಎಂ. ಜಿ. ರಾಮಚಂದ್ರನ್ ಅದರಲ್ಲಿ ಹುಲಿಯೊಡನೆ ಸೆಣಸಿದ್ದು ಜನರ ಬಾಯಲ್ಲಿ ಉಳಿಯಿತು. ಹುಲಿ ಬೇಕಿತ್ತೇ ಎಂದು ಕೇಳಬಹುದು. ನಾಯಕನಿಗೆ ಬೇಕಿತ್ತು, ಕಥೆಗಲ್ಲ. ಮಕ್ಕಳಿಗೆ ಇಂತಹ ಚಿತ್ರವನ್ನು ತೋರಿಸುವ ತಾಯಿತಂದೆಗಳು ಕಥೆಯ ಕೊನೆಯನ್ನಾದರೂ ಬಾಯಿಂದ ಹೇಳಲಿ.

ಹೂವೇನೋ ದೊರೆಯುತ್ತದೆ. ಅಣ್ಣಂದಿರು ದಾರಿಯಲ್ಲಿಯೇ ಅದನ್ನು ಕಸಿದುಕೊಂಡು ತಂದೆಗೆ ಒಪ್ಪಿಸಿ ಕೀರ್ತಿ ಪಡೆಯುತ್ತಾರೆ. ಕಿರಿಯನು ದೂರದಲ್ಲಿ ಅರಮನೆ ಕಟ್ಟಿಸಿ ಸುಮ್ಮನಿರುತ್ತಾನೆ. ಅದರ ವೈಭವವನ್ನು ಕೇಳಿ ಅತಿಥಿಯಾಗಿ ಬಂದ ದೊರೆ, ಎದುರಿಗೆ ನಿಂತ ಯುವಕನನ್ನು ಕಣ್ತುಂಬ ನೋಡುತ್ತಾನೆ. ಈ ಸಲ ಕಣ್ಣು ಹೋಗುವುದಿಲ್ಲ.