ನಾಚುವ ಮೀನಿಗೆ ಮೊದಲು ಮರೆ ಬೇಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಸುದ್ದಿಗಾಗಿ ಅಡ್ಡಾಡುವ ನಮಗೆ ಈಚೆಗೆ ಹೊಸ ಮನೆಗಳ ಪಡಸಾಲೆಯಲ್ಲಿ ಟಿ.ವಿ. ಪಕ್ಕದಲ್ಲೇ ಮೀನಿನ ತೊಟ್ಟಿ ಕಾಣುವುದು ಹೆಚ್ಚಾಗಿದೆ. ತಳಕ್ಕೆ ಬಣ್ಣದ ಕಲ್ಲು, ಮೇಲೆ ಕಣ್ಣು ಕುಕ್ಕುವ ಲೈಟು, ನಡುವೆ ಬರೀ ನೀರು. ಮೀನು ಮೂಲೆ ಸೇರಿದರೆ ಗಾಜು ಬಡಿಯುತ್ತಾರೆ. ವಾರದೊಳಗೆ 'ಇದು ಆಡೋದೇ ಇಲ್ಲ, ಸರಿಯಿಲ್ಲ' ಎಂಬ ತೀರ್ಪು. ನಮ್ಮ ಪ್ರಕಾರ ಸರಿಪಡಿಸಬೇಕಾದ್ದು ಆ ತೊಟ್ಟಿಯನ್ನು.

ಸಿಕ್ಲಿಡ್ ಕುಟುಂಬದ ಮೀನು ಎಂದರೆ ಹೆಚ್ಚಿನವರಿಗೆ ಗೊತ್ತಿರುವುದು ಫ್ಲವರ್‌ಹಾರ್ನ್ ಮತ್ತು ಆಸ್ಕರ್. ಫ್ಲವರ್‌ಹಾರ್ನ್ ಯಾವ ನದಿಯದ್ದೂ ಅಲ್ಲ, ಮನುಷ್ಯರು ಮಾಡಿದ ಮಿಶ್ರತಳಿ. ಉಬ್ಬಿದ ಹಣೆ ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಮಾರಾಟವಾಗುತ್ತದೆ, ಜೊತೆಗೆ ಬಿಟ್ಟ ಮೀನನ್ನು ಕಚ್ಚಿ ಹಾಕುತ್ತದೆ. ಅದೇ ಕುಟುಂಬದಲ್ಲಿ ಸಾಧು, ಅಂಜುಬುರುಕ ಮೀನುಗಳೂ ಇವೆ. ದಕ್ಷಿಣ ಅಮೆರಿಕದ ಕೀಹೋಲ್ ಸಿಕ್ಲಿಡ್ ಹೆದರಿದರೆ ಮೈಮೇಲೆ ಕಂದು ಮಚ್ಚೆ ಮೂಡಿಸಿಕೊಂಡು ಕಟ್ಟಿಗೆ, ಎಲೆಗಳ ನಡುವೆ ಅಲುಗದೆ ನಿಲ್ಲುತ್ತದೆ. ಅಡಗುವುದೇ ಅದರ ರಕ್ಷಣೆ. ಅಡಗಲು ಜಾಗವಿಲ್ಲದಿದ್ದರೆ ಮೂಲೆ ಬಿಟ್ಟು ಬರುವುದಿಲ್ಲ. ಮರೆ ಹತ್ತಿರವೇ ಇದೆ ಎಂದು ಗೊತ್ತಾದರೆ ಧೈರ್ಯವಾಗಿ ಹೊರಗೆ ಈಜುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಬಣ್ಣ ಹಚ್ಚದ ಸಣ್ಣ ಮಣ್ಣಿನ ಗಡಿಗೆ ಅಡ್ಡ ಮಲಗಿಸಿದರೆ ಒಂದು ಗುಹೆ ಆಯಿತು. ಕುಂಬಾರಿಕೆಗೆ ಹೆಸರಾದ ಖಾನಾಪುರ ನಮಗೇನು ದೂರವಲ್ಲ. ಒಂದಿಷ್ಟು ನೀರುಗಿಡ, ಮಂದ ಬೆಳಕು, ಹಿಂಬದಿ ಗಾಜಿಗೆ ಕಪ್ಪು ಹಾಳೆ ಸಾಕು. ಮೇಲ್ಪದರದಲ್ಲಿ ಈಜುವ ಶಾಂತ ಮೀನುಗಳ ಗುಂಪೊಂದಿರಲಿ. ಅವು ನಿಶ್ಚಿಂತೆಯಿಂದ ಓಡಾಡುವುದನ್ನು ಕಂಡು ಕೆಳಗಿನ ಅಂಜುಬುರುಕವೂ ಹೊರಬರುತ್ತದೆ.

ಇನ್ನು ನೀರು. ಕೊಡದ ಅಂಚಿಗೆ ಬಿಳಿ ಕೂರಿಸುವ ಗಡಸು ಬೋರ್ ನೀರಿನಲ್ಲಿ, ಮೆದು ನೀರು ಬೇಡುವ ಡಿಸ್ಕಸ್, ರಾಮ್ ಮೀನುಗಳನ್ನು ತಂದು ಬಿಡುವುದು ಅವುಗಳಿಗೆ ಶಿಕ್ಷೆ. ದಕ್ಷಿಣ ಭಾರತದ ಕರಾವಳಿ ಮತ್ತು ಶ್ರೀಲಂಕಾದ ಆರೆಂಜ್ ಕ್ರೋಮೈಡ್ ಗಡಸು ನೀರನ್ನೂ ತಡೆಯುತ್ತದೆ. ಸುಮಾರು 8 ಸೆಂ.ಮೀ. ಉದ್ದದ ಈ ಮೀನನ್ನು ಒಂಟಿಯಾಗಿ ಇಡಬಾರದು, ಆರೇಳರ ಗುಂಪು ಬೇಕು. ಇದರ ಮರಿಗಳು ತಾಯಿ-ತಂದೆಯ ಮೈಮೇಲಿನ ಲೋಳೆಯನ್ನು ಮೆಲ್ಲುತ್ತ ಬೆಳೆಯುತ್ತವೆ. ಆದರೆ ಬೇಸಿಗೆಯ ಚಿಂತೆ ಯಾವ ಮೀನಿಗೂ ತಪ್ಪಿದ್ದಲ್ಲ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಕರೆಂಟು ಹೋದರೆ ಗಾಳಿ ಪಂಪೂ ನಿಲ್ಲುತ್ತದೆ. ಬ್ಯಾಟರಿ ಪಂಪು ಇಟ್ಟುಕೊಳ್ಳದವರು ಮೀನು ತರುವ ಮೊದಲು ಎರಡು ಬಾರಿ ಯೋಚಿಸಲಿ.

ಭಾರತದ ಮೂಲ ಸಿಕ್ಲಿಡ್‌ಗಳು ಮೂರೇ. ಕೇರಳದವರು ಕರಿಮೀನು ಎನ್ನುವ ಪರ್ಲ್‌ಸ್ಪಾಟ್, ಆರೆಂಜ್ ಕ್ರೋಮೈಡ್ ಮತ್ತು ಕೆನರಾ ಪರ್ಲ್‌ಸ್ಪಾಟ್. ಈ ಮೂರನೆಯದು ನಮ್ಮ ದಕ್ಷಿಣ ಕನ್ನಡದ ನದಿಗಳ ಮೀನು. ಫ್ರಾನ್ಸಿಸ್ ಡೇ 1877ರಲ್ಲಿ ಇದನ್ನು ವಿವರಿಸಿದರು. ಇಂದು ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿದೆ. ಅಲಂಕಾರ ಮೀನಿನ ವ್ಯಾಪಾರಕ್ಕೂ ಇದು ಬಂದಿದೆ. ನಮ್ಮ ನಾಡಿನದ್ದು ಎಂಬ ಅಭಿಮಾನಕ್ಕೆ ನದಿಯಿಂದ ಹಿಡಿದು ತಂದದ್ದನ್ನು ಕೊಳ್ಳುವುದು ಬೇಡ. ಅಭಿಮಾನವಿದ್ದರೆ ಅದು ನದಿಯಲ್ಲೇ ಇರಲಿ.

ಕೊನೆಯದಾಗಿ, ಬೇಡವಾದ ಮೀನಿನ ಪ್ರಶ್ನೆ. 'ಪುಣ್ಯ ಬರಲಿ' ಎಂದು ಕೆರೆಗೆ ಬಿಡುವವರಿದ್ದಾರೆ. ಸಂತೆಯಲ್ಲಿ ಜಿಲೇಬಿ ಎಂದು ಮಾರುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಈ ಮೀನು ಮೊಟ್ಟೆ-ಮರಿಗಳನ್ನು ಬಾಯಲ್ಲೇ ಕಾಪಾಡಿ, ಬೇಗ ಬೇಗ ಸಂತಾನ ಬೆಳೆಸಿ ದಕ್ಷಿಣ ಭಾರತದ ಕೆರೆ, ಜಲಾಶಯಗಳನ್ನು ತುಂಬಿಕೊಂಡಿದೆ. ಸ್ಥಳೀಯ ಮೀನುಗಳಿಗೆ ಮೇವು, ಜಾಗ ಎರಡೂ ಇಕ್ಕಟ್ಟಾಗಿವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅಂಥ ನೆರೆಯಲ್ಲಿ ಹೊಂಡ ಯಾವುದು, ಹೊಳೆ ಯಾವುದು? ಊರ ಹೊಂಡಕ್ಕೆ ಬಿಟ್ಟ ಮೀನು ಕೂಡಲಸಂಗಮದವರೆಗೂ ಹೋದೀತು.

ಅಂಗಡಿಯವರಲ್ಲಿ ನಮ್ಮ ಬೇಡಿಕೆ ಸಣ್ಣದು. ಮೀನು ಕವರಿಗೆ ಹಾಕುವ ಮೊದಲು ಅದು ಎಷ್ಟು ಬೆಳೆಯುತ್ತದೆ, ಅಂಜುತ್ತದೋ ಕಾದಾಡುತ್ತದೋ, ಯಾವ ನೀರು ಬೇಕು ಎಂಬ ಮೂರು ಮಾತು ಹೇಳಿ. ಬೇಡವೆಂದು ಮರಳಿ ತಂದರೆ ತೆಗೆದುಕೊಳ್ಳಿ. ಕೊಳ್ಳುವವರಿಗೂ ಒಂದು ಮಾತು. ಸದಾ ಓಡಾಡುವ ಮೀನೇ ಬೇಕೆಂದರೆ ಗಡಸು ನೀರಿಗೂ ಒಗ್ಗುವ ಗಪ್ಪಿ ತನ್ನಿ. ನಾಚುವ ಮೀನೇ ಇಷ್ಟವೆಂದರೆ ಗಡಿಗೆ, ಗಿಡ ಮೊದಲು ಇಡಿ, ಮೀನು ಆಮೇಲೆ ತನ್ನಿ. ಗಾಜು ಮಾತ್ರ ಬಡಿಯಬೇಡಿ.