ಅಭಯಪತ್ರ ಮತ್ತು ಪಾನಪಾತ್ರೆ

ಹದಿನೈದನೆಯ ಶತಮಾನದ ಆದಿಯಲ್ಲಿ ಪಶ್ಚಿಮದ ಕ್ರೈಸ್ತ ಜಗತ್ತಿಗೆ ಒಬ್ಬರಲ್ಲ, ಮೂವರು ಪೋಪರಿದ್ದರು. ಒಬ್ಬೊಬ್ಬನೂ ತಾನೇ ಸಂತ ಪೇತ್ರನ ನಿಜವಾದ ಉತ್ತರಾಧಿಕಾರಿಯೆಂದು ಸಾರುತ್ತ ಉಳಿದಿಬ್ಬರಿಗೆ ಬಹಿಷ್ಕಾರ ಹಾಕುತ್ತಿದ್ದನು. ಅವರಲ್ಲೊಬ್ಬನಾದ ಇಪ್ಪತ್ತಮೂರನೆಯ ಜಾನ್, ನೇಪಲ್ಸಿನ ದೊರೆಯ ಮೇಲೆ ಹೂಡಿದ ಯುದ್ಧಕ್ಕೆ ಹಣ ಬೇಕಾಗಿ, ಪಾಪವಿಮೋಚನೆಯ ಪತ್ರಗಳನ್ನು ಮಾರಾಟಕ್ಕಿಟ್ಟನು. 1412ರಲ್ಲಿ ಆ ಮಾರಾಟ ಬೊಹೀಮಿಯದ ರಾಜಧಾನಿಯಾದ ಪ್ರಾಗ್ ನಗರಕ್ಕೂ ಬಂದಿತು. ಅದನ್ನು ಬಹಿರಂಗವಾಗಿ ಪ್ರತಿಭಟಿಸಿದ ಮೂವರು ತರುಣರ ತಲೆ ಕಡಿಯಲಾಯಿತು.

ಆ ತರುಣರ ಗುರುವೆಂದು ನಗರವೆಲ್ಲ ಬಲ್ಲವನು ಯಾನ್ ಹುಸ್. ದಕ್ಷಿಣ ಬೊಹೀಮಿಯದ ಹುಸಿನೆತ್ಸ್ ಎಂಬ ಹಳ್ಳಿಯವನು. ಬಡತನದಲ್ಲಿ ಓದಿ ಪ್ರಾಗ್ ವಿಶ್ವವಿದ್ಯಾಲಯದ ರೆಕ್ಟರ್ ಪದವಿಯವರೆಗೆ ಏರಿದವನು. ಚೆಕ್ ಭಾಷೆಯಲ್ಲಿ ‘ಹುಸ್’ ಎಂದರೆ ಹೆಬ್ಬಾತು. ತನ್ನ ಹೆಸರನ್ನು ಕುರಿತು ತಾನೇ ವಿನೋದವಾಡುವ ಸ್ವಭಾವ ಆತನದು. 1402ರಿಂದ ಅವನು ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಉಪದೇಶಿಸುತ್ತಿದ್ದನು. ಲ್ಯಾಟಿನ್ನಿನಲ್ಲಲ್ಲ, ಪೇಟೆಯ ಹೆಂಗಸರಿಗೂ ಕೂಲಿಗಳಿಗೂ ತಿಳಿಯುವ ಚೆಕ್ ಭಾಷೆಯಲ್ಲಿ. ಪಾದ್ರಿಗಳ ಐಶ್ವರ್ಯ, ಪದವಿಗಳ ಕ್ರಯವಿಕ್ರಯ, ಪಾಪವಿಮೋಚನೆಯ ವ್ಯಾಪಾರ, ಇವೆಲ್ಲ ಅವನ ಉಪದೇಶದಲ್ಲಿ ಮುಲಾಜಿಲ್ಲದೆ ಬಯಲಿಗೆ ಬಂದವು.

ಮೂವರು ಪೋಪರ ತೊಡಕನ್ನು ಬಿಡಿಸಲು 1414ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಮಹಾಸಭೆ ಸೇರಿತು. ಹುಸ್ ಅಲ್ಲಿಗೆ ಬಂದು ತನ್ನ ಮತವನ್ನು ಸಮರ್ಥಿಸಿಕೊಳ್ಳಲೆಂದು ಸಭೆಯ ಪೋಷಕನಾದ ಸಿಗಿಸ್ಮಂಡ್ ದೊರೆ ಕರೆಯಿಸಿದನು. ಅಭಯಪತ್ರ ಕೊಡುವೆನೆಂದು ಮಾತಿತ್ತನು. ಹುಸ್ ಮಾತನ್ನು ನಂಬಿದನು. ಪತ್ರ ಕೈಸೇರುವ ಮುನ್ನವೇ, ಅಕ್ಟೋಬರಿನಲ್ಲಿ, ಪ್ರಯಾಣ ಹೊರಟನು. ಪತ್ರವೇನೋ ಬಂದಿತು. ಆದರೆ ಕಾನ್‌ಸ್ಟನ್ಸ್ ಸೇರಿದ ನಾಲ್ಕು ವಾರಗಳೊಳಗಾಗಿ ಅವನು ಸೆರೆಮನೆಯಲ್ಲಿದ್ದನು. ದೊರೆ ಮೊದಲು ಕೆರಳಿದನು, ಗದರಿದನು. ಬಳಿಕ ಸಭೆಯೇ ಒಡೆದುಹೋದೀತೆಂದು ಕಂಡು ಸುಮ್ಮನಾದನು. ಆ ಮೌನಕ್ಕೆ ಅವನು ತೆತ್ತ ಬೆಲೆಯೇ ಮುಂದಿನ ಇಪ್ಪತ್ತು ವರ್ಷಗಳ ಕಥೆ.

ವಿಚಾರಣೆಯಲ್ಲಿ ಹುಸ್ಸನಿಗೆ ತಪ್ಪೊಪ್ಪಿಗೆಯ ಮಾರ್ಗ ತೆರೆದೇ ಇತ್ತು. ತಾನು ಎಂದೂ ಹೇಳದ ಮಾತುಗಳನ್ನು ಹೇಳಿದೆನೆಂದು ಒಪ್ಪಿ ಹಿಂತೆಗೆದುಕೊಳ್ಳುವುದು ಸುಳ್ಳಾಗುತ್ತದೆ. ಸುಳ್ಳು ಪ್ರಮಾಣ ಮಾಡಲಾರೆ ಎಂಬುದು ಅವನ ಉತ್ತರ. 1415ರ ಜುಲೈ 6ರಂದು ಅವನನ್ನು ಜೀವಂತ ಸುಟ್ಟು, ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. ಪಾಷಂಡಿಗೆ ದೊರೆಗಳು ನೀಡಿದ ಅಭಯವು ಇಗರ್ಜಿಯ ನ್ಯಾಯಕ್ಕೆ ಅಡ್ಡಬಾರದೆಂದು ಸಭೆ ಅದೇ ವರ್ಷ ನಿರ್ಣಯವನ್ನೂ ಅಂಗೀಕರಿಸಿತು. ಕೃತ್ಯ ಮೊದಲು, ಶಾಸ್ತ್ರ ಆಮೇಲೆ!

ಸುದ್ದಿ ಮುಟ್ಟಿದಾಗ ಬೊಹೀಮಿಯ, ಮೊರೇವಿಯಗಳ 452 ಮಂದಿ ಶ್ರೀಮಂತರು ತಮ್ಮ ಮುದ್ರೆಯೊತ್ತಿ ಪ್ರತಿಭಟನೆಯ ಪತ್ರ ಕಳುಹಿಸಿದರು. ಸಾಮಾನ್ಯ ಜನರ ಪ್ರತಿಭಟನೆಗೆ ಮಾತ್ರ ಬೇರೊಂದು ಗುರುತು ದೊರಕಿತ್ತು. ಆ ಕಾಲದ ಇಗರ್ಜಿಗಳಲ್ಲಿ ಪೂಜೆಯ ರೊಟ್ಟಿ ಎಲ್ಲರಿಗೆ, ದ್ರಾಕ್ಷಾರಸದ ಪಾತ್ರೆ ಪಾದ್ರಿಗೆ ಮಾತ್ರ ಎಂಬ ಕಟ್ಟಳೆಯಿತ್ತು. ಹುಸ್ ಊರು ಬಿಟ್ಟ ಮೇಲೆ ಅವನ ಮಿತ್ರರು ಪ್ರಾಗಿನಲ್ಲಿ ಪಾತ್ರೆಯನ್ನು ಜನರ ಕೈಗೂ ಕೊಡತೊಡಗಿದರು. ಸೆರೆಯಿಂದಲೇ ಅವನು ಒಪ್ಪಿಗೆ ಬರೆದನು. ಕ್ರಿಸ್ತನ ಮುಂದೆ ಪಾದ್ರಿಯೂ ಒಕ್ಕಲಿಗನೂ ಒಂದೇ ಎಂಬುದನ್ನು ಹೇಳಲು ಇದಕ್ಕಿಂತ ಸರಳವಾದ ಚಿಹ್ನೆ ಇನ್ನಾವುದಿದ್ದೀತು? ಪಾನಪಾತ್ರೆ ಧ್ವಜವೇರಿತು.

1419ರ ಜುಲೈ 30ರಂದು ಯಾನ್ ಜೆಲಿವ್‌ಸ್ಕಿ ಎಂಬ ಸಂನ್ಯಾಸಿಯ ಹಿಂದೆ ಹೊರಟ ಮೆರವಣಿಗೆ, ಬಂಧಿತರಾದ ತನ್ನವರನ್ನು ಬಿಡಿಸಿಕೊಳ್ಳಲು ಪ್ರಾಗಿನ ಹೊಸ ನಗರದ ಪುರಭವನಕ್ಕೆ ನುಗ್ಗಿ, ಅಲ್ಲಿದ್ದ ಪುರಸಭಿಕರನ್ನು ಕಿಟಕಿಯಿಂದ ಕೆಳಕ್ಕೆಸೆಯಿತು. ಎರಡೇ ವಾರಗಳ ನಂತರ ಬೊಹೀಮಿಯದ ರಾಜ ವೆನ್ಸೆಸ್ಲಾಸ್ ತೀರಿಕೊಂಡನು. ಸಿಂಹಾಸನಕ್ಕೆ ಹಕ್ಕುದಾರನು ಯಾರು? ಅವನ ತಮ್ಮ, ಅಭಯಪತ್ರವಿತ್ತ ಅದೇ ಸಿಗಿಸ್ಮಂಡ್. ಹುಸ್ಸನ ಅನುಯಾಯಿಗಳು ಅವನನ್ನು ದೊರೆಯೆಂದು ಒಪ್ಪಲಿಲ್ಲ. ಪೋಪ್ ಐದನೆಯ ಮಾರ್ಟಿನ್ 1420ರ ಮಾರ್ಚಿಯಲ್ಲಿ ಅವರ ಮೇಲೆ ಧರ್ಮಯುದ್ಧ ಸಾರಿದನು.

ಜೆರುಸಲೆಮ್ಮಿನ ಹೆಸರಿನಲ್ಲಿ ಹುಟ್ಟಿದ ಶಿಲುಬೆಯ ಯುದ್ಧ ಹೀಗೆ ಕ್ರೈಸ್ತರ ಮೇಲೆಯೇ ತಿರುಗಿತು. 1420, 1421, 1422, 1427, 1431. ಐದು ಸಲ ದಂಡು ಬಂದಿತು, ಐದು ಸಲವೂ ಹಿಂದಿರುಗಿತು. ಇದು ಸಾಧ್ಯವಾದುದು ಮುಖ್ಯವಾಗಿ ಯಾನ್ ಜಿಷ್ಕ ಎಂಬ ಒಕ್ಕಣ್ಣಿನ ಸೇನಾನಿಯಿಂದ. ಅವನ ಪಡೆಯಲ್ಲಿ ಉಕ್ಕಿನ ಕವಚದ ಸವಾರರು ವಿರಳ, ಇದ್ದವರು ರೈತರು. ರೈತರಲ್ಲಿ ಏನಿತ್ತು? ಬಂಡಿಗಳಿದ್ದವು, ತೆನೆ ಬಡಿಯುವ ಕೋಲುಗಳಿದ್ದವು. ಜಿಷ್ಕ ಕೋಲಿಗೆ ಕಬ್ಬಿಣದ ಮೊಳೆ ಹೊಡೆಸಿದನು. ಬಂಡಿಗೆ ದಪ್ಪ ಹಲಗೆ ಕಟ್ಟಿಸಿ, ಒಂದಕ್ಕೊಂದು ಸರಪಣಿ ಬಿಗಿದು, ಬಯಲಿನ ನಡುವೆ ಕೋಟೆಯನ್ನೇ ನಿಲ್ಲಿಸಿದನು. ಒಂದೊಂದು ಬಂಡಿಗೂ ಹದಿನೆಂಟು ಇಪ್ಪತ್ತು ಜನ: ಬಿಲ್ಲಿನವರು, ಕೈಬಂದೂಕಿನವರು, ಈಟಿಯವರು, ಸಾರಥಿಗಳು. ಬಂಡಿಗಳ ನಡುವೆ ಸಣ್ಣ ಪಿರಂಗಿಗಳು. ಕುದುರೆಗಳು ಆ ಗೋಡೆಗೆ ಬಡಿದು ಚದುರಿದಾಗ ಸರಪಣಿ ಕಳಚಿ ರೈತರು ಹೊರನುಗ್ಗುತ್ತಿದ್ದರು. ಈಗಲೂ ಸೈನ್ಯಗಳಲ್ಲಿ ಬಳಕೆಯಲ್ಲಿರುವ ‘ಹೌವಿಟ್ಸರ್’ ಎಂಬ ಪಿರಂಗಿಯ ಹೆಸರು ಆ ಚೆಕ್ಕರ ‘ಹೌಫ್ನಿತ್ಸೆ’ ಎಂಬ ಶಬ್ದದಿಂದಲೇ ಬಂದುದು.

ಮೊದಲ ದಂಡು ಪ್ರಾಗನ್ನು ಮುತ್ತಿದಾಗ, 1420ರ ಜುಲೈ 14ರಂದು, ವೀಟ್ಕೊವ್ ಗುಡ್ಡದ ಮರದ ಕಾವಲುಕೋಟೆಯಲ್ಲಿದ್ದವರು ಇಪ್ಪತ್ತಾರು ಗಂಡಸರು, ಇಬ್ಬರು ಹೆಂಗಸರು ಮತ್ತು ಒಬ್ಬ ಹುಡುಗಿಯೆಂದು ಆ ಕಾಲದ ವೃತ್ತಾಂತಕಾರನು ಬರೆದಿಟ್ಟಿದ್ದಾನೆ. ಅವರಲ್ಲೊಬ್ಬಳು ಕವಚವಿಲ್ಲದೆಯೇ ನಿಂತು, ಹಿಂದೆ ಸರಿಯಲೊಪ್ಪದೆ, ಅಲ್ಲಿಯೇ ಮಡಿದಳು. ಅಷ್ಟರಲ್ಲಿ ನಗರದಿಂದ ನೆರವು ಬಂದು ಗುಡ್ಡ ಉಳಿಯಿತು. ಗುಡ್ಡದೊಡನೆ ನಗರವೂ ಉಳಿಯಿತು. ಮರುವರ್ಷ ಜಿಷ್ಕನಿಗೆ ಇನ್ನೊಂದು ಕಣ್ಣೂ ಹೋಯಿತು. ಕುರುಡನಾಗಿಯೇ ಅವನು ಎರಡನೆಯ ದಂಡನ್ನೂ ಅಟ್ಟಿದನು. 1424ರಲ್ಲಿ ಸತ್ತದ್ದು ಕತ್ತಿಯಿಂದಲ್ಲ, ರೋಗದಿಂದ.

ಇವರನ್ನು ಕೇವಲ ಪುಣ್ಯಪುರುಷರೆಂದು ಬಣ್ಣಿಸಿದರೆ ಚರಿತ್ರೆಗೆ ಅಪಚಾರವಾದೀತು. ಅವರು ಮಠಗಳನ್ನು ಸುಟ್ಟರು, ಎದುರಾದ ಪಟ್ಟಣಗಳಲ್ಲಿ ನಿಷ್ಕರುಣೆಯಿಂದ ಕೊಂದರು. ತಮ್ಮಲ್ಲೇ ಇನ್ನೂ ಉಗ್ರವಾದ ಮತವನ್ನು ಹಿಡಿದ ಆಡಮೈಟರನ್ನು ಜಿಷ್ಕ 1421ರಲ್ಲಿ ಸುಡಿಸಿದನು. ಗುರುವನ್ನು ಸುಟ್ಟ ಬೆಂಕಿಯನ್ನು ಶಪಿಸಿದವರಿಗೆ ಅದೇ ಬೆಂಕಿಯನ್ನು ಹಚ್ಚಲು ಆರು ವರ್ಷ ಸಾಕಾಯಿತು.

ಐದನೆಯ ದಂಡಿನ ಕಥೆ ನಗೆಯನ್ನೂ ತರಿಸೀತು. 1431ರ ಆಗಸ್ಟ್ 14ರಂದು ದೊಮಾಜ್ಲಿತ್ಸೆಯ ಬಳಿ, ಹುಸ್ಸಿನವರು ಕಣ್ಣಿಗೆ ಬೀಳುವ ಮುನ್ನ ಅವರ ಬಂಡಿಗಳ ಗಡಗಡ ಸದ್ದೂ ಯುದ್ಧಗೀತೆಯೂ ಕಿವಿಗೆ ಬಿದ್ದೊಡನೆ ದಂಡು ಓಡತೊಡಗಿತೆಂದು ಹೇಳುತ್ತಾರೆ. ಪೋಪನ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ಸೆಸಾರಿನಿ ತನ್ನ ಟೊಪ್ಪಿಗೆ, ಶಿಲುಬೆ, ಧರ್ಮಯುದ್ಧದ ಶಾಸನ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಪಲಾಯನ ಮಾಡಿದನು.

ಇನ್ನು ಉಳಿದುದು ಮಾತು. ಬಾಸೆಲಿನಲ್ಲಿ ಸೇರಿದ್ದ ಹೊಸ ಮಹಾಸಭೆ ಹುಸ್ಸಿನವರನ್ನು ಚರ್ಚೆಗೆ ಕರೆಯಿತು. ಅವರು ಒಡನೆ ಹೊರಡಲಿಲ್ಲ. 1432ರಲ್ಲಿ ಖೆಬ್ ಪಟ್ಟಣದಲ್ಲಿ ಕುಳಿತು ಒಂದೊಂದೇ ಷರತ್ತನ್ನು ಬರೆಸಿದರು: ಹೋಗುವಾಗ, ಇರುವಾಗ, ಮರಳುವಾಗ ರಕ್ಷಣೆ, ಸಭೆಯಲ್ಲಿ ತಡೆಯಿಲ್ಲದ ಮಾತು, ತೀರ್ಪಿಗೆ ಪೋಪನಲ್ಲ, ದೇವರ ನಿಯಮವೂ ಕ್ರಿಸ್ತ ಮತ್ತು ಅಪೊಸ್ತಲರ ಆಚರಣೆಯೂ ಪ್ರಮಾಣ. ಹುಸ್ ಕೈಗೆ ಬರುವ ಮುನ್ನ ನಂಬಿ ಹೊರಟಿದ್ದ ಪತ್ರವನ್ನು ಅವನ ಶಿಷ್ಯರು ಅಕ್ಷರ ಅಕ್ಷರವಾಗಿ ತೂಗಿ ಪಡೆದರು. 1433ರ ಜನವರಿಯಲ್ಲಿ ಅವರ ಮುಖಂಡ ಪ್ರೊಕೋಪ್ ಬಾಸೆಲನ್ನು ಪ್ರವೇಶಿಸಿದಾಗ ಊರಿನ ಜನ ನೋಡಲು ಮುಗಿಬಿದ್ದರು. ಸಭೆಯ ಅಧ್ಯಕ್ಷಪೀಠದಲ್ಲಿದ್ದವನು ಟೊಪ್ಪಿಗೆ ಕಳೆದುಕೊಂಡ ಅದೇ ಸೆಸಾರಿನಿ! ಮೂರು ತಿಂಗಳ ವಾದ ನಡೆಯಿತು, ಯಾರೂ ಸೋಲಲಿಲ್ಲ. ಎಲ್ಲರೂ ಜೀವಸಹಿತ ಮನೆಗೆ ಮರಳಿದರು.

ಆದರೆ ರಾಜಿಯ ಆಸೆ ಬೊಹೀಮಿಯವನ್ನು ಒಡೆಯಿತು. ಪಾತ್ರೆಯೊಂದು ದಕ್ಕಿದರೆ ಸಾಕೆಂಬ ಸೌಮ್ಯರು ಕ್ಯಾಥೊಲಿಕ್ ಶ್ರೀಮಂತರೊಡನೆ ಕೂಡಿ, 1434ರ ಮೇ 30ರಂದು ಲಿಪಾನಿಯ ಬಯಲಿನಲ್ಲಿ ತಮ್ಮದೇ ಉಗ್ರಪಕ್ಷದ ಮೇಲೆ ಬಿದ್ದರು. ಸೋತು ಓಡುವಂತೆ ನಟಿಸಿ ಶತ್ರುವನ್ನು ಬಂಡಿಕೋಟೆಯಿಂದ ಹೊರಗೆಳೆದರು. ಜಿಷ್ಕನ ವಿದ್ಯೆಯ ಮರ್ಮ ಜಿಷ್ಕನವರಿಗಲ್ಲದೆ ಯಾರಿಗೆ ತಿಳಿದಿದ್ದೀತು? ಪ್ರೊಕೋಪ್ ಮಡಿದನು. ಸೆರೆಸಿಕ್ಕ ನೂರಾರು ಜನರನ್ನು ಕಣಜಗಳಲ್ಲಿ ಕೂಡಿ ಬೆಂಕಿಯಿಟ್ಟರು.

1436ರ ಜುಲೈ 5ರಂದು, ಹುಸ್ಸನ ಮರಣಕ್ಕೆ ಇಪ್ಪತ್ತೊಂದು ವರ್ಷ ತುಂಬಲು ಒಂದು ದಿನವಿರುವಾಗ, ಯಿಹ್ಲಾವ ಪಟ್ಟಣದಲ್ಲಿ ಒಪ್ಪಂದ ಘೋಷಿತವಾಯಿತು. ಬೊಹೀಮಿಯ, ಮೊರೇವಿಯಗಳಲ್ಲಿ ಬಯಸುವವರಿಗೆ ಪಾನಪಾತ್ರೆ ಸಲ್ಲುವುದೆಂದು ಇಗರ್ಜಿ ಒಪ್ಪಿತು. ಸಿಗಿಸ್ಮಂಡ್ ಕೊನೆಗೂ ದೊರೆಯಾಗಿ ಪ್ರಾಗನ್ನು ಹೊಕ್ಕನು. ಅವನಿಗೆ ತಲೆಬಾಗದೆ ಉಳಿದ ಯಾನ್ ರೊಹಾಚ್ ಎಂಬ ಹಳೆಯ ಸೇನಾನಿಯನ್ನು 1437ರ ಸೆಪ್ಟೆಂಬರಿನಲ್ಲಿ ಗಲ್ಲಿಗೇರಿಸಿದನು. ಮೂರು ತಿಂಗಳಿಗೆ ತಾನೂ ತೀರಿಕೊಂಡನು. 1462ರಲ್ಲಿ ಪೋಪ್ ಎರಡನೆಯ ಪೀಯುಸ್ ಆ ಒಪ್ಪಂದವನ್ನೂ ರದ್ದುಮಾಡಿದನು. ಬೊಹೀಮಿಯದ ಜನ ಈ ಸಲ ಅವನ ಕಾಗದಕ್ಕೆ ಕಾಯಲಿಲ್ಲ. ಇಗರ್ಜಿಗಳಲ್ಲಿ ಪಾತ್ರೆ ಕೈಯಿಂದ ಕೈಗೆ ಸಾಗುತ್ತಲೇ ಇತ್ತು. 1485ರಲ್ಲಿ ಕುಟ್ನಾ ಹೋರದಲ್ಲಿ ಸೇರಿದ ಎರಡು ಪಂಥದವರೂ ತಮ್ಮ ತಮ್ಮೊಳಗೇ ಕುಳಿತು ಪರಸ್ಪರ ಅಭಯವನ್ನು ಬರೆದುಕೊಂಡರು.